ಯಾರ ರಕ್ತದ ‘ನಾರ್ಮಲ್’?

ಮೊನ್ನೆ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ಸ್ವಲ್ಪ ‘ಹೆಚ್ಚು’, ಉರಿಯೂತ ತೋರಿಸೋ ಇ.ಎಸ್.ಆರ್. ‘ನಾರ್ಮಲ್’. ಮಂಗಳೂರಿನ ಕಡಲತೀರ ಬಿಟ್ಟು 1,600 ಮೀಟರ್ ಎತ್ತರದ ಡೆನ್ವರ್ ಸೇರಿದವನು ನಾನು. ಹೆಚ್ಚು ಅಂದ್ರೆ ಯಾರಿಗಿಂತ ಹೆಚ್ಚು? ಆಗ ನೆನಪಾಗಿದ್ದು ಪೆರು ದೇಶದ ಹಳೇ ಕಥೆ.

1890ರಲ್ಲಿ ಫ್ರಾನ್ಸಿನ ವಿಯೋ ಎಂಬಾತ ಆಂಡೀಸ್ ಪರ್ವತದ ಮೊರೊಕೊಚಾ ಗಣಿಯೂರಿಗೆ ಹೋಗಿ ತನ್ನದೇ ರಕ್ತದ ಕೆಂಪುಕಣ ಎಣಿಸಿದ. ಕೆಳಗೆ ಲಿಮಾದಲ್ಲಿ ಒಂದು ಘನ ಮಿಲಿಮೀಟರಿಗೆ 50 ಲಕ್ಷ ಇದ್ದದ್ದು ಮೂರೇ ವಾರದಲ್ಲಿ 80 ಲಕ್ಷ! ಅದು ಕಾಯಿಲೆಯಲ್ಲ, ತೆಳು ಗಾಳಿಗೆ ದೇಹ ಒಗ್ಗಿಕೊಳ್ಳುವ ರೀತಿ.

ಆದ್ರೂ 1925ರಲ್ಲಿ ಕೇಂಬ್ರಿಡ್ಜಿನ ಬಾರ್‌ಕ್ರಾಫ್ಟ್, ಎತ್ತರದಲ್ಲಿ ಬದುಕುವವರೆಲ್ಲ ದೇಹ, ಬುದ್ಧಿ ಎರಡರಲ್ಲೂ ಕುಂದಿದವರು ಅಂತ ಬರೆದುಬಿಟ್ಟರು. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಸುಮ್ಮನಿರಲಿಲ್ಲ. ಬೆಟ್ಟದ ಜನರನ್ನು ಅಲ್ಲೇ ಪರೀಕ್ಷಿಸಿ, ಅವರ ಆರೋಗ್ಯಕ್ಕೆ ಅವರದ್ದೇ ಅಳತೆ ಬೇಕು ಅಂದರು. ಒಗ್ಗಿಕೊಳ್ಳುವ ಶಕ್ತಿ ಕಳೆದುಕೊಂಡವರ ಕಾಯಿಲೆಯನ್ನೂ ಬೇರೆಯಾಗಿ ಗುರುತಿಸಿದರು.

ಇ.ಎಸ್.ಆರ್. ಕಥೆಯೂ ಇದೇ ನೋಡಿ. ಕೆಂಪುಕಣ ಹೆಚ್ಚಿದ ದಟ್ಟ ರಕ್ತದಲ್ಲಿ ಕಣಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಅಂಕಿ ಕಡಿಮೆ ಬರುತ್ತೆ. ತುಂಬಾ ಎತ್ತರದ ಊರಲ್ಲಿ ಉರಿಯೂತ ಇದ್ದವನಿಗೂ ಕಡಲತೀರದ ಲೆಕ್ಕ ‘ನಾರ್ಮಲ್’ ಅಂದುಬಿಡಬಹುದು!

ಮುಂದಿನ ಸಲ ಡಾಕ್ಟರನ್ನ ಕೇಳಲೇಬೇಕು: ಈ ಅಂಕಿ ಯಾವ ಊರಿನವರದ್ದು ಸ್ವಾಮೀ?