ಹಾಥಾರ್ನ್ ಕಾರ್ಖಾನೆ ಕಲಿತ ಕೇಳುವ ವಿದ್ಯೆ

ಕೆಲಸದ ಜಾಗದಲ್ಲಿ ಕಿವಿಗೊಡುವುದು ಹುಟ್ಟುಗುಣವಲ್ಲ, ಕಲಿತು ಬರುವ ಕಸುಬು ಎಂಬುದಕ್ಕೆ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯೇ ಸಾಕ್ಷಿ. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1928ರಲ್ಲಿ ಅಲ್ಲಿ ಕಾರ್ಮಿಕರ ಸಂದರ್ಶನ ಆರಂಭಿಸಿತು. ಮೊದಮೊದಲು ಮೇಲ್ವಿಚಾರಣೆ, ಕೆಲಸ, ಸೌಕರ್ಯಗಳ ಬಗ್ಗೆ ಸಿದ್ಧ ಪ್ರಶ್ನೆಗಳಿದ್ದವು. ಕಾರ್ಮಿಕರು ಮಾತ್ರ ಅವನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದ ವಿಷಯಕ್ಕೇ ಹೊರಳುತ್ತಿದ್ದರು. 1929ರಲ್ಲಿ ಪ್ರಶ್ನೆಪಟ್ಟಿ ಕೈಬಿಟ್ಟು, ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ ಕೇಳುವ ಕ್ರಮ ಬಂತು. ಅರ್ಧ ಗಂಟೆಯ ಮಾತುಕತೆ ಒಂದೂವರೆ ಗಂಟೆಗೆ ಬೆಳೆಯಿತು. 1930ರ ಹೊತ್ತಿಗೆ 20,000ಕ್ಕೂ ಹೆಚ್ಚು ಜನ ಮಾತಾಡಿದ್ದರು.

ಇದು ಕಾರ್ಮಿಕರ ಅಸಮಾಧಾನವನ್ನು ತಣಿಸುವ ಉಪಾಯವಷ್ಟೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳೂ ಇದೆ: ಕೇಳಿಸಿಕೊಂಡ ಮಾತ್ರಕ್ಕೆ ಕೂಲಿ ಏರುವುದಿಲ್ಲ, ಆರ್ಥಿಕ ಕುಸಿತದಲ್ಲಿ ಕೆಲಸ ಉಳಿಯುವುದೂ ಇಲ್ಲ. ಆದರೆ ದುರುಪಯೋಗದ ಭಯದಿಂದ ವಿದ್ಯೆ ಸುಳ್ಳಾಗದು. ಕೇಳಿದ ಮೇಲೆ ಕ್ರಮ ಕೈಗೊಳ್ಳುವ ಹೊಣೆ ಹೆಚ್ಚುತ್ತದೆ, ಅಷ್ಟೇ.