ಕಣ್ಣಳತೆಯಿಂದ ತಳಿಲಕ್ಷಣದವರೆಗೆ: ಧಾರವಾಡ ಸೀಮೆಯ ಹತ್ತಿಯನ್ನು ಗುರುತಿಸಿದ ಬಗೆ

ಹತ್ತಿಯ ಚರಿತ್ರೆಯನ್ನು ಬಹುಮಟ್ಟಿಗೆ ಅರಳೆಯ ಚರಿತ್ರೆಯಾಗಿಯೇ ಬರೆಯಲಾಗಿದೆ. ಬಂದರು, ಬೆಲೆ, ಗಿರಣಿ, ರಫ್ತು ಇವು ಅದರ ಪ್ರಮುಖ ಅಧ್ಯಾಯಗಳು. ಅರಳೆಯನ್ನು ಕೊಟ್ಟ ಗಿಡದ ಎಲೆ, ಹೂವು, ಕಾಯಿ, ಬೀಜಗಳನ್ನು ಯಾರು ಯಾವ ಉದ್ದೇಶದಿಂದ ನೋಡಿದರು ಎಂಬ ಪ್ರಶ್ನೆ ಸಸ್ಯಶಾಸ್ತ್ರದ ಪುಟಗಳಲ್ಲಿಯೇ ಉಳಿದುಬಿಟ್ಟಿದೆ. ಆದರೆ ಒಂದು ತಳಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವ ಕೆಲಸ ಶಾಸ್ತ್ರದ ಕುತೂಹಲಕ್ಕಷ್ಟೇ ಸೀಮಿತವಾಗಿರಲಿಲ್ಲ. ಬೆರಕೆಯ ಬೀಜದಿಂದ ಒಕ್ಕಲಿಗನಿಗೆ ಆಗುವ ನಷ್ಟ, ಬೆರಕೆಯ ಅರಳೆಯಿಂದ ಒಂದು ಸೀಮೆಯ ಹತ್ತಿಗೆ ಬರುವ ಕೆಟ್ಟ ಹೆಸರು, ತಳಿ ಸಂವರ್ಧಕನ ಹಲವು ವರ್ಷಗಳ ಶ್ರಮ ಇವೆಲ್ಲವೂ ಅದರೊಡನೆ ಹೆಣೆದುಕೊಂಡಿದ್ದವು. ಧಾರವಾಡ ಸೀಮೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಗುರುತಿಸುವಿಕೆಯ ಬೆಳವಣಿಗೆಯನ್ನೂ ಅದರ ಮಿತಿಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

1. ಎರಡು ಹತ್ತಿ, ಒಂದು ಸೀಮೆ

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಪರಂಪರೆಯಿಂದ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಕುಮಟಾ ಬಂದರಿನ ಮೂಲಕ ಸಾಗುತ್ತಿದ್ದ ಕಾರಣ ವ್ಯಾಪಾರದಲ್ಲಿ ಇದಕ್ಕೆ ಕುಮಟಾ ಹತ್ತಿ ಎಂಬ ಹೆಸರು ನಿಂತಿತು. ಬೆಳೆದ ಹೊಲದ ಹೆಸರು ಹಿಂದೆ ಸರಿದು ಹಡಗು ಹತ್ತಿದ ಊರಿನ ಹೆಸರು ಮುಂದೆ ಬಂದದ್ದು, ಆ ಕಾಲದಲ್ಲಿ ಹತ್ತಿಯನ್ನು ಗುರುತಿಸುತ್ತಿದ್ದವರು ಯಾರು ಎಂಬುದನ್ನು ಸೂಚಿಸುತ್ತದೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಆ ದಶಕದ ಆರಂಭದಲ್ಲಿಯೇ ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗಕ್ಷೇತ್ರ ಏರ್ಪಟ್ಟಿತು. ದೇಶದ ಇತರ ಅನೇಕ ಕಡೆಗಳಲ್ಲಿ ನೆಲೆಯೂರದ ಅಮೆರಿಕದ ಹತ್ತಿ ಈ ಸೀಮೆಯಲ್ಲಿ ಬೇರೂರಿ 'ಧಾರವಾಡ ಅಮೆರಿಕನ್' ಎಂಬ ಹೆಸರು ಪಡೆಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿಯ ಅಭಾವ ಉಂಟಾದಾಗ ಇದರ ಬೇಡಿಕೆ ಹೆಚ್ಚಿತು.

ಬೇಡಿಕೆಯ ಬೆನ್ನಿಗೇ ಬೆರಕೆಯೂ ಬಂದಿತು. ಬೆಲೆಬಾಳುವ ಅರಳೆಗೆ ಅಗ್ಗದ ಅರಳೆಯನ್ನು ಸೇರಿಸುವುದು, ಬೀಜ ಮತ್ತು ಕಸವನ್ನು ತುಂಬುವುದು ಮುಂಬಯಿ ಪ್ರಾಂತದಲ್ಲಿ ಎಷ್ಟು ಬೆಳೆಯಿತೆಂದರೆ, 1863ರಲ್ಲಿ ಹತ್ತಿಯ ವಂಚನೆಯನ್ನು ತಡೆಯಲೆಂದೇ ಒಂದು ಕಾಯ್ದೆಯನ್ನು ತರಬೇಕಾಯಿತು. ಈ ಕಾಯ್ದೆಯ ದೃಷ್ಟಿ ಅಂಡಿಗೆಯ ಮೇಲಿತ್ತು, ಗಿಡದ ಮೇಲೆ ಇರಲಿಲ್ಲ. ಬೇರೆ ಬೇರೆ ಗಿಡಗಳ ಅರಳೆ ಒಮ್ಮೆ ಒಂದೇ ಅಂಡಿಗೆಯಲ್ಲಿ ಬೆರೆತ ಮೇಲೆ ಅದನ್ನು ಬಿಡಿಸಲು ಯಾವ ಪರೀಕ್ಷಕನಿಗೂ ಸಾಧ್ಯವಿಲ್ಲ. ಅರಳೆಯ ಜೊತೆಗೆ ಬೀಜವೂ ಬೆರೆಯುತ್ತಿದ್ದುದು ಇನ್ನೂ ಗಂಭೀರವಾದ ಸಂಗತಿ. ಜಿನ್ನಿನಿಂದ ಹೊರಬಿದ್ದ ಬೆರಕೆಯ ಬೀಜವೇ ಮರುವರ್ಷ ಹೊಲಕ್ಕೆ ಹೋಗುತ್ತಿತ್ತು. ಹೀಗೆ ಒಂದು ವರ್ಷದ ವ್ಯಾಪಾರದ ದೋಷ ಮುಂದಿನ ವರ್ಷಗಳ ಬೆಳೆಯ ದೋಷವಾಗಿ ಪರಿಣಮಿಸಿತು. ಬೆರಕೆಯನ್ನು ಗಿಡದ ಹಂತದಲ್ಲಿಯೇ ಗುರುತಿಸಿ ಕಿತ್ತುಹಾಕುವುದೊಂದೇ ಉಳಿದ ದಾರಿ. ಅದಕ್ಕೆ ಗಿಡವನ್ನು ಓದಬಲ್ಲ ಶಾಸ್ತ್ರ ಬೇಕಾಗಿತ್ತು.

2. ಗಿಡವನ್ನು ಓದುವ ಶಾಸ್ತ್ರ

ಹತ್ತಿಯ ಕುಲವನ್ನು ವರ್ಗೀಕರಿಸುವ ಯತ್ನ ಲಿನೇಯಸನಿಂದ ಆರಂಭವಾಯಿತು. 1753ರ ಅವನ ಗ್ರಂಥದಲ್ಲಿ ಹರ್ಬೇಷಿಯಂ, ಆರ್ಬೋರಿಯಂ, ಬಾರ್ಬಡೆನ್ಸ್ ಪ್ರಭೇದಗಳಿಗೆ ಸ್ಥಾನ ದೊರೆಯಿತು. 1763ರಲ್ಲಿ ಹಿರ್ಸುಟಂ ಸೇರಿತು. ಇಂದು ಕೃಷಿಯಲ್ಲಿರುವ ಪ್ರಭೇದಗಳೂ ಈ ನಾಲ್ಕೇ. ಆದರೆ ನಡುವಣ ಕಾಲದಲ್ಲಿ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. 1866ರಲ್ಲಿ ಪಾರ್ಲಟೋರೆ 7 ಪ್ರಭೇದಗಳನ್ನು ಒಪ್ಪಿದರೆ, 1877ರಲ್ಲಿ ತೋದಾರೋ 54 ಪ್ರಭೇದಗಳನ್ನು ಎಣಿಸಿದರು. ನೋಡಿದ ಗಿಡಗಳು ಬಹುಮಟ್ಟಿಗೆ ಅವೇ ಆಗಿದ್ದರೂ ಎಣಿಕೆ ಇಷ್ಟು ಬದಲಾಗಲು ಕಾರಣ, ಯಾವ ಲಕ್ಷಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ನಿಶ್ಚಯವಾಗದೆ ಇದ್ದುದು.

20ನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಪ್ರಾಂತದ ಸಸ್ಯಶಾಸ್ತ್ರಜ್ಞ ಜಿ. ಎ. ಗ್ಯಾಮಿ ಭಾರತದ ಹತ್ತಿಗಳನ್ನು ಕುರಿತು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದರು. 1907ರಲ್ಲಿ ಜಾರ್ಜ್ ವಾಟ್ ಜಗತ್ತಿನ ಕಾಡುಹತ್ತಿ ಮತ್ತು ಬೇಸಾಯದ ಹತ್ತಿಗಳ ಗ್ರಂಥವನ್ನು ಹೊರತಂದರು. ಎಲೆಯ ಸೀಳು, ಹೂವಿನ ಬಣ್ಣ, ಬೀಜದ ಮೇಲಿನ ತುಪ್ಪಳ ಮುಂತಾದ ಲಕ್ಷಣಗಳು ಕ್ರಮಬದ್ಧವಾಗಿ ದಾಖಲಾದದ್ದು ಇಂಥ ಕೃತಿಗಳಲ್ಲಿ.

ನಾಲ್ಕು ಪ್ರಭೇದಗಳನ್ನು ಹೊಲದಲ್ಲಿ ಬೇರ್ಪಡಿಸಲು ನೆರವಾಗುವ ಚಿಹ್ನೆಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊಗ್ಗನ್ನು ಸುತ್ತುವರಿದ ಮೂರು ಪುಷ್ಪಪತ್ರಗಳು ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿಗಳು. ಕುಮಟಾ ಹತ್ತಿ ಸೇರಿದ ಹರ್ಬೇಷಿಯಂನಲ್ಲಿ ಅವು ಅಗಲವಾಗಿ, ಅಂಚಿನಲ್ಲಿ ಆರರಿಂದ ಎಂಟು ಹಲ್ಲುಗಳನ್ನು ಹೊಂದಿ, ಕಾಯಿಯಿಂದ ದೂರಕ್ಕೆ ಬಿರಿದು ನಿಲ್ಲುತ್ತವೆ. ಆರ್ಬೋರಿಯಂನಲ್ಲಿ ಅಗಲಕ್ಕಿಂತ ಉದ್ದ ಹೆಚ್ಚು. ತುದಿಯಲ್ಲಿ ಕೆಲವೇ ಹಲ್ಲುಗಳಿರುತ್ತವೆ, ಇಲ್ಲವೆ ಅಂಚು ನುಣುಪಾಗಿರುತ್ತದೆ. ಅವು ಕಾಯಿಯನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಅಮೆರಿಕ ಮೂಲದ ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಪ್ರಭೇದಗಳಲ್ಲಿ ಹಲ್ಲುಗಳು ನೀಳವಾಗಿ ಚೂಪಾಗಿರುತ್ತವೆ. ಹಿರ್ಸುಟಂನ ದಳ ಸಾಮಾನ್ಯವಾಗಿ ಕೆನೆಬಣ್ಣದ್ದು, ಮಚ್ಚೆಯಿಲ್ಲದ್ದು. ಕಾಯಿ ನುಣುಪು, ನಾಲ್ಕೈದು ಕೋಣೆಗಳುಳ್ಳದ್ದು. ಬಾರ್ಬಡೆನ್ಸಿನ ದಳ ಹಳದಿ, ಬುಡದಲ್ಲಿ ಕೆಂಪು ಮಚ್ಚೆ. ಕಾಯಿಯ ಮೈಯಲ್ಲಿ ಕುಳಿಗಳು, ಒಳಗೆ ಸಾಮಾನ್ಯವಾಗಿ ಮೂರು ಕೋಣೆಗಳು.

ಈ ಹೊರಲಕ್ಷಣಗಳ ಗುಂಪುಗಾರಿಕೆಗೆ ಒಳಗಿನ ಆಧಾರ ಒದಗಿದ್ದು 1920ರ ದಶಕದಲ್ಲಿ. ಏಷ್ಯಾ ಮೂಲದ ಎರಡು ಪ್ರಭೇದಗಳಲ್ಲಿ 26 ವರ್ಣತಂತುಗಳೂ ಅಮೆರಿಕ ಮೂಲದ ಎರಡರಲ್ಲಿ 52 ವರ್ಣತಂತುಗಳೂ ಇರುವುದು ಸ್ಥಿರಪಟ್ಟಿತು. ತಾಷ್ಕೆಂಟಿನ ಜೈತ್ಸೆವ್ 1928ರಲ್ಲಿ ಈ ನೆಲೆಯ ಮೇಲೆ ವರ್ಗೀಕರಣವನ್ನು ಮಂಡಿಸಿದರು. ಜವಾರಿ ಹತ್ತಿಗೂ ಅಮೆರಿಕನ್ ಹತ್ತಿಗೂ ಸುಲಭವಾಗಿ ಸಂಕರವಾಗದು ಎಂಬ ಅನುಭವಕ್ಕೆ ಇದರಿಂದ ಕಾರಣ ತಿಳಿಯಿತು. ಧಾರವಾಡದ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಕುಮಟಾ ಮತ್ತು ಧಾರವಾಡ ಅಮೆರಿಕನ್ ಒಂದೇ ಹೊಲದಲ್ಲಿ ಬೆರೆತಿದ್ದರೆ ಆ ಬೆರಕೆ ಬೀಜದ್ದು, ರಕ್ತದ್ದಲ್ಲ. ಕಣ್ಣಿನಿಂದ ಗುರುತಿಸಿ ಬೇರ್ಪಡಿಸಬಹುದಾದದ್ದು. ಒಂದೇ ಪ್ರಭೇದದ ಎರಡು ತಳಿಗಳ ನಡುವಣ ಬೆರಕೆ ಹಾಗಲ್ಲ. ಅಲ್ಲಿ ಪರಾಗವೂ ಬೆರೆತು, ಮುಂದಿನ ಪೀಳಿಗೆಗಳಲ್ಲಿ ಗುಣಗಳು ಚದರಿಹೋಗುತ್ತವೆ.

3. ಲಕ್ಷಣದಿಂದ ಆನುವಂಶಿಕತೆಗೆ

ಕಾನ್ಪುರದಲ್ಲಿ ಕೆಲಸ ಮಾಡಿದ ಎಚ್. ಮಾರ್ಟಿನ್ ಲೀಕ್ ಎಲೆಯ ಆಕಾರವನ್ನು ಮಾತಿನ ವರ್ಣನೆಯಿಂದ ಅಳತೆಯ ಮಟ್ಟಕ್ಕೆ ತಂದರು. ಎಲೆಯ ಸೀಳು ಎಷ್ಟು ಆಳ, ಹಾಳೆ ಎಷ್ಟು ಅಗಲ ಎಂಬುದರ ಅನುಪಾತವನ್ನು ಅವರು 'ಎಲೆಯ ಅಂಕ'ವಾಗಿ ಬಳಸಿದರು. 1911ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕಿರಿದಾದ ಹಾಳೆಯ ಗಿಡಕ್ಕೂ ಅಗಲವಾದ ಹಾಳೆಯ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆ ನಡುವಣ ರೂಪದಲ್ಲಿ ಬಂದಿತು. ಎರಡನೆಯ ಪೀಳಿಗೆಯಲ್ಲಿ ಮೂರು ರೂಪಗಳೂ ಮೆಂಡೆಲನ ನಿಯಮದಂತೆ ಬೇರ್ಪಟ್ಟವು. ಕೊಂಬೆ ಒಡೆಯುವ ರೀತಿಗೂ ಬೆಳೆ ಬೇಗ ಇಲ್ಲವೆ ತಡವಾಗಿ ಬರುವುದಕ್ಕೂ ಇರುವ ಸಂಬಂಧವನ್ನು ಅವರು ಗಮನಿಸಿದರು. ಗಿಡದ ಬುಡದಲ್ಲಿಯೇ ಹೂಬಿಡುವ ಕೊಂಬೆಗಳು ಆರಂಭವಾದರೆ ಬೆಳೆ ಬೇಗ ಬರುತ್ತದೆ ಎಂಬುದು ತಳಿ ಸಂವರ್ಧಕನಿಗೆ ಉಪಯುಕ್ತವಾದ ಸೂಚನೆ.

ಧಾರವಾಡದಲ್ಲಿ ಈ ಪರಂಪರೆಯನ್ನು ಮುಂದುವರಿಸಿದವರು ಜಿ. ಎಲ್. ಕೊಟ್ಟೂರ. ಕುಮಟಾ ಹತ್ತಿ ಮತ್ತು ಅದರ ಸುಧಾರಣೆಯನ್ನು ಕುರಿತ ಅವರ ಪ್ರಬಂಧ 1920ರಲ್ಲಿ, ಹತ್ತಿಯ ಆನುವಂಶಿಕತೆಯನ್ನು ಕುರಿತ ಇನ್ನೊಂದು ಪ್ರಬಂಧ 1923ರಲ್ಲಿ ಬೆಳಕು ಕಂಡವು. ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕುಮಟಾ ಹತ್ತಿಯ ಹೊಲದಲ್ಲಿ ಒಂದರಂತೆ ಒಂದಿಲ್ಲದ ಗಿಡಗಳಿದ್ದವು. ಒಂಟಿ ಗಿಡವನ್ನು ಆರಿಸಿ, ಅದರ ಬೀಜವನ್ನು ಪ್ರತ್ಯೇಕವಾಗಿ ಬೆಳೆಸಿ, ಸಂತತಿಯ ಏಕರೂಪತೆಯನ್ನು ಪರೀಕ್ಷಿಸುವ ಕ್ರಮದಿಂದ ಧಾರವಾಡ 1 ಬಂದಿತು. ಇದೇ ಬಗೆಯ ಆಯ್ಕೆಯಿಂದ ಧಾರವಾಡ ಅಮೆರಿಕನ್ ಹತ್ತಿಯಿಂದ ಗದಗ 1 ಹೊರಬಂದಿತು. ಮುಂದೆ ಗದಗ 1ಕ್ಕೂ ಕಾಂಬೋಡಿಯಾ ಮೂಲದ ತಳಿಗೂ ನಡೆದ ಸಂಕರದಿಂದ ಲಕ್ಷ್ಮಿ ತಳಿ ರೂಪುಗೊಂಡಿತು.

ಪ್ರಯೋಗಕ್ಷೇತ್ರದಲ್ಲಿ ಗಳಿಸಿದ ಶುದ್ಧಿ ಪೇಟೆಯಲ್ಲಿ ಕೆಡದಂತೆ ನೋಡಿಕೊಳ್ಳುವ ಅಗತ್ಯವೂ ಆಗಲೇ ಮನವರಿಕೆಯಾಗಿತ್ತು. 1917ರಲ್ಲಿ ನೇಮಕಗೊಂಡ ಭಾರತೀಯ ಹತ್ತಿ ಸಮಿತಿಯ ವರದಿ 1919ರಲ್ಲಿ ಬಂದಿತು. 1921ರಲ್ಲಿ ಕೇಂದ್ರ ಹತ್ತಿ ಸಮಿತಿ ಸ್ಥಾಪನೆಯಾಯಿತು. ಒಳ್ಳೆಯ ಹತ್ತಿ ಬೆಳೆಯುವ ಪ್ರದೇಶಗಳಿಗೆ ಹೊರಗಿನ ಕೀಳು ಹತ್ತಿ ಬಂದು ಬೆರೆಯುವುದನ್ನು ತಡೆಯಲು 1923ರಲ್ಲಿ ಹತ್ತಿ ಸಾಗಾಣಿಕೆ ಕಾಯ್ದೆ ಜಾರಿಗೆ ಬಂದಿತು. 1863ರ ಕಾಯ್ದೆ ಅಂಡಿಗೆಯನ್ನು ಕಾಯಲು ಹೊರಟಿತ್ತು. ಅರವತ್ತು ವರ್ಷಗಳ ಅನಂತರದ ಈ ಕಾಯ್ದೆ ಹೊಲದ ತಳಿಯನ್ನೂ ಕಾಯಲು ಹೊರಟಿತು.

4. ಕಣ್ಣಿಗೆ ಕಾಣದ ಗುಣ

ಲಕ್ಷಣದಿಂದ ತಳಿಯ ಗುರುತು ತಿಳಿಯುತ್ತದೆ. ಅದರ ಯೋಗ್ಯತೆ ತಿಳಿಯುತ್ತದೆಂದು ಹೇಳಲಾಗದು. ಇದಕ್ಕೆ ಸೊರಗು ರೋಗವೇ ನಿದರ್ಶನ. ಭಾರತದ ಎರೆಭೂಮಿಯಲ್ಲಿ ಮಣ್ಣಿನ ಶಿಲೀಂಧ್ರದಿಂದ ಬರುವ ಈ ರೋಗ ಏಷ್ಯಾ ಮೂಲದ ಹತ್ತಿಗಳನ್ನು ಕಾಡಿತು. ಅಮೆರಿಕನ್ ಹತ್ತಿ ಅದೇ ನೆಲದಲ್ಲಿ ಉಳಿಯುತ್ತಿತ್ತು. ಜವಾರಿ ಹತ್ತಿಯೊಳಗೆ ಯಾವ ಗಿಡ ರೋಗವನ್ನು ತಾಳುತ್ತದೆ, ಯಾವುದು ಸಾಯುತ್ತದೆ ಎಂಬುದನ್ನು ಎಲೆಯೂ ಹೇಳದು, ಹೂವೂ ಹೇಳದು. ರೋಗಪೀಡಿತವಾದ ನೆಲದಲ್ಲಿಯೇ ಸಾಲುಸಾಲಾಗಿ ಬಿತ್ತಿ, ಉಳಿದ ಗಿಡದ ಬೀಜವನ್ನು ಮತ್ತೆ ಅದೇ ನೆಲಕ್ಕೆ ಹಾಕಿ ನೋಡಬೇಕು. ಧಾರವಾಡದ ಜಯವಂತದಂಥ ರೋಗನಿರೋಧಕ ತಳಿಗಳ ಹಿಂದೆ ಇರುವುದು ಇಂಥ ಪರೀಕ್ಷೆಯೇ. ಅದರ ಅನಂತರ ಬಂದ ಜಯಧರ ಜವಾರಿ ಹತ್ತಿಯ ಹೆಸರನ್ನು ಬಹುಕಾಲ ಉಳಿಸಿತು.

ಕಾಣುವ ಲಕ್ಷಣವೇ ನೇರವಾಗಿ ಪ್ರಯೋಜನಕ್ಕೆ ಬಂದ ಸಂದರ್ಭಗಳೂ ಇವೆ. ದಕ್ಷಿಣ ಆಫ್ರಿಕದ ಬಾರ್ಬರ್ಟನ್ನಿನಲ್ಲಿ ಎಫ್. ಆರ್. ಪಾರ್ನೆಲ್ ನಡೆಸಿದ ಆಯ್ಕೆಯಲ್ಲಿ, ಎಲೆಯ ಮೇಲಿನ ದಟ್ಟವಾದ ರೋಮ ಜಿಗಿಹುಳುವನ್ನು ತಡೆಯುತ್ತದೆ ಎಂಬುದು ಸಿದ್ಧವಾಯಿತು. ಅಲ್ಲಿ ರೋಮ ಗುರುತೂ ಹೌದು, ಗುಣವೂ ಹೌದು.

ಇದಕ್ಕೆ ವ್ಯತಿರಿಕ್ತವಾಗಿ, ಕಂಡ ಲಕ್ಷಣವೇ ದಾರಿ ತಪ್ಪಿಸುವುದೂ ಉಂಟು. ಕೆಲವು ತಳಿಗಳಲ್ಲಿ ಕಾಂಡ ಮತ್ತು ಎಲೆಯ ಕೆಂಪು ವಂಶದಿಂದ ಬಂದದ್ದು. ಅದು ಸಸಿಯ ಹಂತದಿಂದಲೇ ಕಾಣುತ್ತದೆ. ಹಂಗಾಮಿನ ಕೊನೆಯಲ್ಲಿ ರಾತ್ರಿಯ ಚಳಿಯಿಂದಲೋ ಮೆಗ್ನೀಷಿಯಂ, ಸಾರಜನಕಗಳ ಕೊರತೆಯಿಂದಲೋ ಹಸಿರು ತಳಿಯ ಎಲೆಯೂ ಕೆಂಪಾಗುತ್ತದೆ. ಎರಡನ್ನೂ ಒಂದೆಂದು ಬಗೆದರೆ ದಾಖಲೆಯೇ ತಪ್ಪಾಗುತ್ತದೆ. ಆದ್ದರಿಂದ ಯಾವ ಲಕ್ಷಣವನ್ನು ಗಿಡದ ಯಾವ ಭಾಗದಲ್ಲಿ, ಯಾವ ಹಂತದಲ್ಲಿ ನೋಡಬೇಕು ಎಂಬ ನಿಯಮ ಲಕ್ಷಣದಷ್ಟೇ ಮುಖ್ಯ.

5. ಮಿಶ್ರತಳಿಯ ಕಾಲ

1970ರಲ್ಲಿ ಸೂರತ್ತಿನಲ್ಲಿ ಸಿ. ಟಿ. ಪಟೇಲರು ಎಚ್-4 ಮಿಶ್ರತಳಿಯನ್ನು ಹೊರತಂದರು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು ಹಿರ್ಸುಟಂ ಪ್ರಭೇದದ ಲಕ್ಷ್ಮಿಗೂ ಬಾರ್ಬಡೆನ್ಸ್ ಪ್ರಭೇದದ ಎಸ್.ಬಿ. 289 ಇ ತಳಿಗೂ ಸಂಕರ ಮಾಡಿ ವರಲಕ್ಷ್ಮಿಯನ್ನು ಕೊಟ್ಟರು. ಎರಡು ಪ್ರಭೇದಗಳ ನಡುವಣ ಮಿಶ್ರತಳಿ ವ್ಯಾಪಾರೀ ಬೇಸಾಯಕ್ಕೆ ಬಂದುದು ಇದರಿಂದಲೇ. 1981ರಲ್ಲಿ ಡಿ.ಸಿ.ಎಚ್. 32 ಎಂಬ ಜಯಲಕ್ಷ್ಮಿ ಬಂದಿತು.

ಮಿಶ್ರತಳಿಯ ಬೀಜವನ್ನು ಕೈಯಿಂದಲೇ ತಯಾರಿಸಬೇಕು. ಮೊದಲ ದಿನ ಸಂಜೆ ಮೊಗ್ಗಿನ ಕೇಸರಗಳನ್ನು ತೆಗೆದು, ಮರುದಿನ ಬೆಳಿಗ್ಗೆ ಗಂಡುತಳಿಯ ಪರಾಗವನ್ನು ಸವರುವ ಈ ಕೆಲಸ ರಾಣೇಬೆನ್ನೂರು ಸೀಮೆಯ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಇದರಲ್ಲಿ ಹೆಂಗಸರ ದುಡಿಮೆಯೇ ಹೆಚ್ಚು. ಕೇಸರ ತೆಗೆಯದೆ ಉಳಿದ ಒಂದು ಮೊಗ್ಗು ತನ್ನದೇ ಪರಾಗದಿಂದ ಕಾಯಿಕಟ್ಟಿದರೆ ಆ ಬೀಜ ಮಿಶ್ರತಳಿಯದಲ್ಲ, ಹೆಣ್ಣುತಳಿಯದು. ಬೀಜದ ಚೀಲದಲ್ಲಿ ಅದು ತಿಳಿಯದು. ರೈತನ ಹೊಲದಲ್ಲಿ ಹೂವು ಬಿಟ್ಟಾಗ ತಿಳಿದರೆ ಆ ವರ್ಷದ ಹಂಗಾಮು ಕಳೆದಂತೆಯೇ. ಆದ್ದರಿಂದ ಬೀಜ ಮಾರಾಟಕ್ಕೆ ಹೋಗುವ ಮೊದಲೇ ಮಾದರಿಯನ್ನು ಬೆಳೆಸಿ ನೋಡುವ ಪದ್ಧತಿ ಬಂದಿತು. ಎರಡು ಪ್ರಭೇದಗಳ ಮಿಶ್ರತಳಿಯಲ್ಲಿ ಬಾರ್ಬಡೆನ್ಸಿನ ಕಡೆಯಿಂದ ಬರುವ ದಳದ ಹಳದಿ ಬಣ್ಣ ಮತ್ತು ಬುಡದ ಮಚ್ಚೆ ಇಲ್ಲಿ ನೆರವಾಗುತ್ತವೆ. ಹಳದಿಯ ನಡುವೆ ಮಚ್ಚೆಯಿಲ್ಲದ ಕೆನೆಬಣ್ಣದ ಹೂವು ಕಂಡರೆ ಬೆರಕೆ ಸಿಕ್ಕಿಬಿದ್ದಂತೆ.

2001ರಲ್ಲಿ ಗುಜರಾತಿನ ಹೊಲಗಳಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಬೆಳೆದಿದ್ದುದು ಬಯಲಾದ ಪ್ರಸಂಗ ಈ ವಿಧಾನದ ಮಿತಿಯನ್ನು ತೋರಿಸಿತು. ಎಲೆ, ಹೂವು, ಕಾಯಿಗಳಲ್ಲಿ ಆ ಗಿಡಕ್ಕೆ ಪ್ರತ್ಯೇಕವಾದ ಗುರುತಿರಲಿಲ್ಲ. ಕಾಯಿಕೊರಕ ಹುಳು ಸುತ್ತಲ ಬೆಳೆಯನ್ನು ತಿಂದು ಇದನ್ನು ಬಿಟ್ಟಾಗ ಅನುಮಾನ ಹುಟ್ಟಿತು. ಸೊರಗು ರೋಗದಂತೆ ಇಲ್ಲಿಯೂ ಗುಣ ಹೊರಬಿದ್ದದ್ದು ಸಂಕಟ ಎದುರಾದಾಗ. 2002ರಲ್ಲಿ ಬಿ.ಟಿ. ಹತ್ತಿಗೆ ಅಧಿಕೃತ ಅನುಮತಿ ದೊರೆತ ಮೇಲೆ ಪ್ರೋಟೀನು ಪರೀಕ್ಷೆ, ಡಿ.ಎನ್.ಎ. ಪರೀಕ್ಷೆಗಳು ಬೀಜದ ಪರಿಶೀಲನೆಯ ಭಾಗವಾದವು.

6. ಉಪಸಂಹಾರ

ಹೀಗಿದ್ದರೂ ಕಣ್ಣಿನ ಸಾಕ್ಷ್ಯಕ್ಕೆ ಕಾನೂನಿನ ಮನ್ನಣೆ ಸಿಕ್ಕಿದ್ದು ಇದೇ ಕಾಲದಲ್ಲಿ ಎಂಬುದು ಗಮನಾರ್ಹ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ತಳಿಯೊಂದು ಇತರ ತಳಿಗಳಿಂದ ಭಿನ್ನವೂ, ತನ್ನೊಳಗೆ ಏಕರೂಪವೂ, ಪೀಳಿಗೆಯಿಂದ ಪೀಳಿಗೆಗೆ ಸ್ಥಿರವೂ ಆಗಿರಬೇಕು. ಇದನ್ನು ಪರೀಕ್ಷಿಸಲು ಹತ್ತಿಗೆ ನಿಗದಿಯಾದ ಲಕ್ಷಣಗಳಲ್ಲಿ ಎಲೆಯ ಆಕಾರ ಮತ್ತು ರೋಮ, ದಳದ ಬಣ್ಣ ಮತ್ತು ಮಚ್ಚೆ, ಪರಾಗದ ಬಣ್ಣ, ಕಾಯಿಯ ಆಕಾರ ಮತ್ತು ಮೈ, ಬೀಜದ ತುಪ್ಪಳ ಇವೆಲ್ಲವೂ ಸೇರಿವೆ. ರೈತರು ಉಳಿಸಿಕೊಂಡು ಬಂದ ತಳಿಗಳಿಗೂ ಇದೇ ಕಾಯ್ದೆಯಲ್ಲಿ ನೋಂದಣಿಯ ಅವಕಾಶವಿದೆ. ಜವಾರಿ ಹತ್ತಿಯ ಗಿಡವೊಂದು ತನ್ನದೇ ಹೆಸರಿನಲ್ಲಿ ನೋಂದಣಿಯಾಗಬೇಕಾದರೆ, ಅದನ್ನು ಬೆಳೆದವನು ಹೊಲದಲ್ಲಿ ಕಂಡ ಲಕ್ಷಣಗಳು ಬರಹದಲ್ಲಿ ನಿಲ್ಲಬೇಕಾಗುತ್ತದೆ.

ಒಟ್ಟಿನಲ್ಲಿ, ಧಾರವಾಡ ಸೀಮೆಯ ಅನುಭವ ಎರಡು ಸಂಗತಿಗಳನ್ನು ಸ್ಪಷ್ಟಪಡಿಸುತ್ತದೆ. ಗಿಡದ ಹೊರಲಕ್ಷಣ ಬೆರಕೆಯನ್ನು ಹಿಡಿಯುವ, ತಳಿಯ ಹೆಸರನ್ನು ಉಳಿಸುವ, ಹಕ್ಕನ್ನು ಸ್ಥಾಪಿಸುವ ಸಾಧನ. ರೋಗವನ್ನು ತಾಳುವ ಶಕ್ತಿ, ಇಳುವರಿ, ನೂಲಿನ ಗಟ್ಟಿತನ ಇವನ್ನು ಅಳೆಯಲು ನೆಲ, ಹಂಗಾಮು, ಪ್ರಯೋಗಶಾಲೆಗಳ ಪರೀಕ್ಷೆಯೇ ಬೇಕು. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಕಂಡು, ಎರಡನ್ನೂ ಒಂದೇ ಗಿಡದಲ್ಲಿ ಕೂಡಿಸಲು ದುಡಿದದ್ದು ಈ ಸೀಮೆಯ ತಳಿ ಸಂವರ್ಧಕರ ನಿಜವಾದ ಸಾಧನೆ. ಕುಮಟಾ ಬಂದರಿನ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದ ಹತ್ತಿ ಧಾರವಾಡ 1, ಜಯವಂತ, ಜಯಧರಗಳೆಂಬ ತನ್ನವೇ ಹೆಸರುಗಳನ್ನು ಪಡೆದುದರ ಹಿಂದೆ ಇರುವುದು ಈ ವಿವೇಕವೇ.