ಕ್ವಾರ್ಟರ್ಸ್ ಸಿಕ್ಕಿದ ಕಾಲ

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಸ್ವಾತಂತ್ರ್ಯದ ನಂತರ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು. ಊರಾಚೆಯ ಹೊಲಗದ್ದೆಗಳ ನಡುವೆ ಎದ್ದ ಈ ಕಾರ್ಖಾನೆಗಳಿಗೆ ಹಳ್ಳಿಗಳಿಂದ, ಪಕ್ಕದ ರಾಜ್ಯಗಳಿಂದ ಯುವಕರು ಬಂದರು.

ಗಂಡಸು ಮೊದಲು ಒಬ್ಬನೇ ಬರುತ್ತಿದ್ದ. ಬಂಧುಗಳ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ದಿನ ನೂಕಿ, ನೌಕರಿ ಕಾಯಂ ಆದ ಮೇಲೆ ಹೆಂಡತಿ, ಕೂಸನ್ನು ಕರೆತರುತ್ತಿದ್ದ. ಕ್ವಾರ್ಟರ್ಸ್ ಮಂಜೂರಾದರೆ ಸಂಸಾರ ನೆಲೆ ನಿಂತಂತೆ. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಮನೆಯ ಜೊತೆಗೆ ಶಾಲೆ, ಆಸ್ಪತ್ರೆ, ಆಟದ ಮೈದಾನವೂ ಬಂದವು. ಅಜ್ಜ ಅಜ್ಜಿ ಊರಲ್ಲೇ ಉಳಿದಿದ್ದರು. ಬಾಣಂತನಕ್ಕೆ, ಮಗುವಿನ ಜ್ವರಕ್ಕೆ ಆಸರೆಯಾದವರು ಬೇರೆ ಭಾಷೆಯ ನೆರೆಮನೆಯ ಹೆಂಗಸರು. ಬೆಂಗಳೂರಿನ ಚರಿತ್ರೆ ಬರೆಯುವವರು ಈ ಹೆಂಗಸರ ದುಡಿಮೆಯನ್ನು ಸಾಕಷ್ಟು ಗಮನಿಸಿಲ್ಲ.

ಈ ಹೆಂಗಸರಲ್ಲಿ ಕೆಲವರು ತಾವೇ ಕಾರ್ಖಾನೆಯ ಕೆಲಸಕ್ಕೂ ಹೋದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಘಟಕದಲ್ಲಿ ಸೂಕ್ಷ್ಮ ಬಿಡಿಭಾಗಗಳನ್ನು ಜೋಡಿಸಿದವರಲ್ಲಿ ಮಹಿಳೆಯರು ಬಹಳ ಮಂದಿ. ಸ್ವಂತ ಸಂಬಳ ಅವರಿಗೆ ಮನೆಯೊಳಗೆ ಮಾತಿನ ಬಲವನ್ನೂ ಕೊಟ್ಟಿತು.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಇಂದು ಐಟಿ ಕೆಲಸಕ್ಕೆಂದು ಎಳೆಮಗುವಿನೊಡನೆ ಬರುವ ದಂಪತಿಗೆ ಅಂದಿನಂತೆ ಕಂಪನಿಯ ಕ್ವಾರ್ಟರ್ಸ್ ಸಾಮಾನ್ಯವಾಗಿ ಸಿಗುವುದಿಲ್ಲ. ಮುಂಗಡ ಹಣ, ಬಾಡಿಗೆ, ಹಲವೊಮ್ಮೆ ಶಿಶುವಿಹಾರದ ಖರ್ಚೂ ಅವರದೇ ಹೊಣೆ.